ರೂಪದಲ್ಲಿ ಅಕ್ಕತಂಗಿಯರು, ಅರ್ಥದಲ್ಲಿ ಬೇರೆ ಮನೆಯವರು

ಬೆಲೆ ಎಂಬುದಕ್ಕೂ ಬೆಳೆ ಎಂಬುದಕ್ಕೂ ಒಂದೇ ಅಕ್ಷರದ ಅಂತರ. ಆದರೂ ಸಿಂಧನೂರು ಸೀಮೆಯ ಒಕ್ಕಲುತನದ ಮನೆಗಳಲ್ಲಿ ಇವೆರಡನ್ನು ಒಂದೆಂದು ತಿಳಿಯುವವರು ಯಾರೂ ಇಲ್ಲ. ಬೆಳೆ ಬಂದೂ ಬೆಲೆ ಬಾರದ ವರುಷದ ನೋವು ಆ ಭೇದವನ್ನು ಚೆನ್ನಾಗಿ ಕಲಿಸಿರುತ್ತದೆ. ಆದರೆ ಮುಕ್ಕುಂದದಂಥ ಗ್ರಾಮದಿಂದ ಬಂದ ಬಾಲಕಿಯು ಇಂಗ್ಲೀಷಿನಲ್ಲಿ ಇಂಥ ಜೋಡಿ ಶಬ್ದಗಳನ್ನು ಕಂಡಾಗ ತಬ್ಬಿಬ್ಬಾಗುತ್ತಾಳೆ. ಇದನ್ನು ಬುದ್ಧಿಯ ಕೊರತೆಯೆಂದು ಎಣಿಸುವುದು ತಪ್ಪೆಂದು ನಮ್ಮ ದೃಢವಾದ ಅಭಿಪ್ರಾಯ.

ಕನ್ನಡದಲ್ಲಿ ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಈ ನಂಬಿಕೆಯಿಂದಲೇ ನಮ್ಮ ಮಕ್ಕಳು ಇಂಗ್ಲೀಷನ್ನು ಪ್ರವೇಶಿಸುತ್ತಾರೆ. ಶಾಲೆಯ ಮುಖ್ಯಸ್ಥರೂ ಪ್ರಿನ್ಸಿಪಲ್, ತತ್ತ್ವವೂ ಪ್ರಿನ್ಸಿಪಲ್. ನಮ್ಮ ಲಿಪಿಯಲ್ಲಿ ಇವು ಒಂದೇ. ಇಂಗ್ಲೀಷಿನಲ್ಲಾದರೋ ಮೊದಲನೆಯದರ ಕಡೆಯಲ್ಲಿ ಎ, ಎಲ್ ಅಕ್ಷರಗಳೂ ಎರಡನೆಯದರ ಕಡೆಯಲ್ಲಿ ಎಲ್, ಇ ಅಕ್ಷರಗಳೂ ಬರುತ್ತವೆ. ಸಾಲದ ಪತ್ರದಲ್ಲಿ ಅಸಲು ಹಣಕ್ಕೂ ಮೊದಲನೆಯ ಶಬ್ದವನ್ನೇ ಬಳಸುತ್ತಾರೆ. ಇದನ್ನರಿಯದೆ ರುಜು ಹಾಕುವವರಿಗೆ ಅದು ಬರಿಯ ಕಾಗುಣಿತದ ಮಾತಲ್ಲ.

ಆದರೆ ಪಟ್ಟಿಯನ್ನು ಕಂಠಪಾಠ ಮಾಡಿಸುವುದರಿಂದ ಈ ಕಷ್ಟವು ಪರಿಹಾರವಾಗುವುದೇ? ಆಗದೆಂದೇ ನಾವು ಹೇಳುತ್ತೇವೆ. ಪಟ್ಟಿಯು ಪರೀಕ್ಷೆಯ ದಿನದವರೆಗೆ ನೆನಪಿನಲ್ಲಿರುತ್ತದೆ. ಕಥೆಯಾದರೋ ಬಹುಕಾಲ ಉಳಿಯುತ್ತದೆ. ಸ್ಟೇಷನರಿ ಎಂಬುದನ್ನೇ ನೋಡಿರಿ. ಎ ಅಕ್ಷರವಿದ್ದರೆ ಅಲುಗದೆ ನಿಂತದ್ದು. ಇ ಅಕ್ಷರವಿದ್ದರೆ ಕಾಗದ, ಲೇಖನಿ ಮುಂತಾದ ಬರೆಯುವ ಸಾಮಗ್ರಿ. ಹಿಂದೆ ಯೂರೋಪಿನಲ್ಲಿ ಊರೂರು ತಿರುಗುವ ವ್ಯಾಪಾರಿಗಳ ನಡುವೆ ಒಂದೇ ಸ್ಥಳದಲ್ಲಿ ಅಂಗಡಿ ಹೂಡಿ ಪುಸ್ತಕಗಳನ್ನು ಮಾರುತ್ತಿದ್ದವನನ್ನು 'ನೆಲೆನಿಂತವನು' ಎಂಬ ಅರ್ಥದ ಹೆಸರಿನಿಂದ ಕರೆದರು. ಅವನು ಮಾರಿದ ಸರಕಿಗೂ ಅದೇ ಹೆಸರು ಬಂದಿತು. ಇಷ್ಟು ತಿಳಿದ ಬಾಲಕಿಯು ಆ ಎರಡು ಶಬ್ದಗಳನ್ನು ಸುಲಭವಾಗಿ ಮರೆಯಲಾರಳು.

ನಮ್ಮ ನೆಲದ ಉದಾಹರಣೆಯೂ ಉಂಟು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ನೀರು ಹರಿಯತೊಡಗಿತು; ಎಡದಂಡೆಯ ಕಾಲುವೆಯು ಸಿಂಧನೂರಿನ ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿತು. ಮನುಷ್ಯನು ತೋಡಿದ ಇಂಥ ಕಾಲುವೆಯು ಕೆನಾಲ್. ನದಿಯು ತಾನಾಗಿ ಕೊರೆದುಕೊಂಡ ಪಾತ್ರವು ಚಾನೆಲ್. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲೂ ಚಾನೆಲ್. ಎರಡೂ ಒಂದೇ ಲ್ಯಾಟಿನ್ ಮೂಲದಿಂದ ಹುಟ್ಟಿದವು. ಬೇರೆ ಬೇರೆ ಮನೆ ಸೇರಿ ಬೇರೆ ಬೇರೆ ಕೆಲಸಕ್ಕೆ ನಿಂತವು.

ಕೆಲವು ಜೋಡಿಗಳಲ್ಲಿ ತಪ್ಪು ಬಲು ದುಬಾರಿಯಾಗುವುದು. ಪ್ರಿಸ್ಕ್ರೈಬ್ ಎಂದರೆ ಇದನ್ನು ಮಾಡು ಎಂದು ವಿಧಿಸುವುದು. ಪ್ರೊಸ್ಕ್ರೈಬ್ ಎಂದರೆ ಮಾಡಬೇಡವೆಂದು ನಿಷೇಧಿಸುವುದು. ಹೈಪರ್‌ಟೆನ್ಷನ್ ಎಂದರೆ ರಕ್ತದ ಒತ್ತಡವು ಏರಿರುವುದು. ಹೈಪೋಟೆನ್ಷನ್ ಎಂದರೆ ಇಳಿದಿರುವುದು. ದಾದಿಯರಾಗಿ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದರ ಭಾರವನ್ನು ನಾವು ಹೇಳಬೇಕಾದುದಿಲ್ಲ.

ಪರಭಾಷೆಯ ಕಷ್ಟವು ನಮ್ಮ ಸೀಮೆಗೆ ಹೊಸದಲ್ಲ. 1948ರವರೆಗೆ ರಾಯಚೂರು ಜಿಲ್ಲೆಯು ನಿಜಾಮರ ಆಳಿಕೆಯಲ್ಲಿದ್ದಾಗ ಉರ್ದು ಸರಕಾರದ ಭಾಷೆಯಾಗಿತ್ತು. ಸುದ್ದಿಯ ಖಬರಿಗೂ ಗೋರಿಯ ಕಬರಿಗೂ ಇರುವ ಭೇದವನ್ನು ನಮ್ಮ ಹಿರಿಯರ ಕಿವಿಗಳು ಕಲಿಯಬೇಕಾಗಿತ್ತು. ಹೊಳೆಯಾಚೆಯ ಬಳ್ಳಾರಿಯಲ್ಲಿದ್ದ ಮಿಷನರಿ ವಿಲಿಯಂ ರೀವ್ ಅವರು 1824ರಲ್ಲಿ ಇಂಗ್ಲೀಷ್-ಕನ್ನಡ ನಿಘಂಟನ್ನೂ, ಕಿಟ್ಟೆಲ್ ಅವರು 1894ರಲ್ಲಿ ಕನ್ನಡ-ಇಂಗ್ಲೀಷ್ ನಿಘಂಟನ್ನೂ ಪ್ರಕಟಿಸಿದರು. ಪರದೇಶದಿಂದ ಬಂದ ಆ ಪಂಡಿತರು ನಮ್ಮ ಲಕಾರ ಳಕಾರಗಳ ಮುಂದೆ ನಮ್ಮ ಮಕ್ಕಳಂತೆಯೇ ವಿದ್ಯಾರ್ಥಿಗಳಾಗಿದ್ದರು. ಕೇಳಿ ಕೇಳಿ, ಬರೆದು ತಿದ್ದಿ ಕಲಿತರು.

ಒಂದು ಸಂಗತಿಯು ಈಗಲೂ ನಮ್ಮ ಮನಸ್ಸನ್ನು ಚುಚ್ಚುತ್ತದೆ. ಬಡ ರೈತನ ಮಗಳೊಬ್ಬಳು ತರಗತಿಯಲ್ಲಿ ಎದ್ದು ನಿಂತು, ಮರಳುಗಾಡು ಎನ್ನಬೇಕಾದಲ್ಲಿ ಊಟದ ಕೊನೆಯ ಸಿಹಿತಿಂಡಿಯ ಹೆಸರನ್ನು ಹೇಳಿದಳು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆ ವರುಷವೆಲ್ಲಾ ಅವಳು ಮತ್ತೆ ಬಾಯಿ ತೆರೆಯಲಿಲ್ಲ. ಅಂದು ತಪ್ಪಿದವಳು ಅವಳಲ್ಲ, ನಾವೇ. ಒಂದು ಎಸ್ ಅಕ್ಷರದ ತಪ್ಪನ್ನು ಒಂದು ನಿಮಿಷದಲ್ಲಿ ತಿದ್ದಬಹುದಾಗಿತ್ತು. ಮುಚ್ಚಿದ ಬಾಯನ್ನು ತೆರೆಯಿಸುವುದು ನಮ್ಮಿಂದಾಗಲಿಲ್ಲ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ. ಮಗಳು ಇಂಗ್ಲೀಷನ್ನು ಎಷ್ಟು ವೇಗವಾಗಿ ನುಡಿಯುತ್ತಾಳೆಂದು ಅಳೆಯಬೇಡಿರಿ. ನುಡಿದುದರ ಅರ್ಥವನ್ನು ಕನ್ನಡದಲ್ಲಿ ಹೇಳೆಂದು ಕೇಳಿರಿ. ನಿಮಗೆ ಇಂಗ್ಲೀಷು ಬಾರದಿದ್ದರೂ ಈ ಪರೀಕ್ಷೆಯನ್ನು ನೀವು ನಡೆಸಬಲ್ಲಿರಿ. ಮನೆಯಲ್ಲೊಂದು ನಿಘಂಟನ್ನು ಇಡಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ತಂಗಿಯರು ಎಡವಿದಾಗ ನಗಬೇಡಿರಿ. ನೀವು ಎಡವಿದ ಕಥೆಯನ್ನು ಅವರಿಗೆ ಹೇಳಿರಿ. ಬೆಲೆ ಬೆಳೆಗಳನ್ನು ಬೇರ್ಪಡಿಸಬಲ್ಲ ಕಿವಿಗೆ ಯಾವ ಭಾಷೆಯ ಭೇದವೂ ಅಸಾಧ್ಯವಲ್ಲ. ಧೈರ್ಯವೊಂದಿರಬೇಕು, ಅದನ್ನು ಕೊಡಬೇಕಾದವರು ನಾವು.