ಕಂಪ್ಯೂಟರ್ ಎಲ್ಲಿ ಕೊಳ್ಳಬೇಕು: ಆನ್‌ಲೈನಿನಲ್ಲೋ, ಅಂಗಡಿಯಲ್ಲೋ?

ಕಾಲೇಜು ಶುರುವಾಗುವ ದಿನಗಳಲ್ಲಿ ಬಹಳ ಮನೆಗಳಲ್ಲಿ ಈ ಚರ್ಚೆ ನಡೆಯುತ್ತದೆ. ‘ಆನ್‌ಲೈನಿನಲ್ಲಿ ಬರುವುದೆಲ್ಲ ಸೆಕೆಂಡ್ ಕ್ವಾಲಿಟಿ ಮಾಲು’ ಎಂದು ಒಬ್ಬರು, ‘ಅಂಗಡಿಯವರು ಐದು ಸಾವಿರ ಮೇಲಿಟ್ಟೇ ಮಾರುತ್ತಾರೆ’ ಎಂದು ಇನ್ನೊಬ್ಬರು. ಬೆಂಗಳೂರು ಗೊತ್ತಿರುವ ಮಾವನೊಬ್ಬ ‘ಎಸ್.ಪಿ. ರಸ್ತೆಗೆ ಹೋಗಿ, ಅರ್ಧ ಬೆಲೆ’ ಎನ್ನುತ್ತಾನೆ. 50-60 ಸಾವಿರ ರೂಪಾಯಿ ಎಂದರೆ ಅನೇಕರಿಗೆ ಅದು ಚೀಟಿ ಎತ್ತಿದ ಹಣ, ಇಲ್ಲವೇ ಸಾಲ. ಹಾಗಾಗಿ ಈ ಮಾತುಗಳಲ್ಲಿ ಎಷ್ಟು ನಿಜ ಎಂದು ನೋಡೋಣ.

ಮೊದಲು ‘ಸೆಕೆಂಡ್ ಕ್ವಾಲಿಟಿ’ಯ ಮಾತು. ಆನ್‌ಲೈನ್‌ಗೆ ಒಂದು, ಅಂಗಡಿಗೆ ಇನ್ನೊಂದು ಎಂದು ಎರಡು ದರ್ಜೆಯ ಒಂದೇ ಮಾಡೆಲ್ ತಯಾರಾಗುವುದಿಲ್ಲ. ಆದರೆ ಈ ಅನುಮಾನ ಹುಟ್ಟಲು ಒಂದು ಕಾರಣವಿದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಹೆಸರು ಒಂದು ಕುಟುಂಬದ ಹೆಸರು ಮಾತ್ರ. ಅದೇ ಹೆಸರಿನಡಿ ಹತ್ತಾರು ಮಾಡೆಲ್‌ಗಳು ಇರುತ್ತವೆ. ಒಂದರ ಪರದೆ ಮಂಕು, ಇನ್ನೊಂದರದು ಪ್ರಕಾಶಮಾನ. ಒಂದರಲ್ಲಿ ರ್‍ಯಾಮ್ ಮುಂದೆ ಹೆಚ್ಚಿಸಬಹುದು, ಇನ್ನೊಂದರಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕೆಲವು ಮಾಡೆಲ್‌ಗಳನ್ನು ಆನ್‌ಲೈನಿಗೆಂದೇ, ಕೆಲವನ್ನು ಅಂಗಡಿಗಳಿಗೆಂದೇ ಬಿಡುಗಡೆ ಮಾಡುವುದೂ ಉಂಟು. ಆದ್ದರಿಂದ ‘ಅಲ್ಲಿ ನಾಲ್ಕು ಸಾವಿರ ಕಡಿಮೆ ಇತ್ತು’ ಎನ್ನುವವರು ಹೆಚ್ಚಾಗಿ ಎರಡು ಬೇರೆ ವಸ್ತುಗಳ ಬೆಲೆ ಹೋಲಿಸುತ್ತಿರುತ್ತಾರೆ. ಹೆಸರಿನ ಕೊನೆಗೆ ಬರುವ ಅಕ್ಷರ-ಅಂಕಿಗಳ ಉದ್ದನೆಯ ಮಾಡೆಲ್ ಸಂಖ್ಯೆ ಪೂರ್ತಿ ಒಂದೇ ಆಗಿದ್ದರೆ ಮಾತ್ರ ಹೋಲಿಕೆಗೆ ಅರ್ಥ.

ಬೆಲೆಯಲ್ಲಿ ಕಾಣದ ಭಾಗವೂ ಇದೆ. ‘ನೋ ಕಾಸ್ಟ್ ಇಎಂಐ’ ಎಂದರೆ ಬಡ್ಡಿಯೇ ಇಲ್ಲ ಎಂದಲ್ಲ. ಬ್ಯಾಂಕು ಬಡ್ಡಿ ಹಾಕುತ್ತದೆ, ಮಾರುವವರು ಅಷ್ಟನ್ನು ರಿಯಾಯಿತಿಯಾಗಿ ಮೊದಲೇ ಕಳೆಯುತ್ತಾರೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ನಮ್ಮ ತಲೆಗೇ ಬರುತ್ತದೆ. 60 ಸಾವಿರವನ್ನು ಆರು ಕಂತಿನಲ್ಲಿ ಕಟ್ಟಿದರೆ, ಬಡ್ಡಿ ದರ 15% ಎಂದಿಟ್ಟುಕೊಂಡರೆ, ಈ ತೆರಿಗೆ ಸುಮಾರು 450 ರೂಪಾಯಿ. ಪ್ರೊಸೆಸಿಂಗ್ ಶುಲ್ಕ ಇದ್ದರೆ ಅದು ಬೇರೆ. ದೊಡ್ಡ ಮೊತ್ತವೇನಲ್ಲ, ಆದರೆ ‘ನೋ ಕಾಸ್ಟ್’ ಅಂತೂ ಅಲ್ಲ.

ಇದಕ್ಕಿಂತ ಅಪಾಯಕಾರಿ ರಿಯಾಯಿತಿ ‘ಬಿಲ್ ಬೇಡ ಅಂದರೆ ಕಡಿಮೆ ಮಾಡ್ತೀವಿ’ ಎಂಬುದು. ಕಂಪ್ಯೂಟರಿಗೆ ಜಿಎಸ್‌ಟಿ 18%. ಅಂದರೆ 50 ಸಾವಿರದ ವಸ್ತುವಿಗೆ 9 ಸಾವಿರ. ಆಸೆ ಹುಟ್ಟುವುದು ಸಹಜವೇ. ಆದರೆ ಬಿಲ್ ಇಲ್ಲದಿದ್ದರೆ ವಾರಂಟಿ ಯಾವಾಗ ಶುರುವಾಯಿತು ಎನ್ನಲು ಆಧಾರವಿಲ್ಲ, ದೂರು ಕೊಡಲು ನೀವು ಅಲ್ಲಿ ಕೊಂಡಿರಿ ಎಂಬುದಕ್ಕೇ ಸಾಕ್ಷಿ ಇಲ್ಲ. ಈ 9 ಸಾವಿರ ಉಳಿತಾಯವಲ್ಲ, ವಾರಂಟಿಯನ್ನು ಮಾರಿದ ಹಣ ಎಂದೇ ನಾವು ಲೆಕ್ಕ ಹಾಕುತ್ತೇವೆ.

ವಾರಂಟಿ ಕೊಡುವುದು ಯಾರು? ಹೊಸ ಲ್ಯಾಪ್‌ಟಾಪಿನ ವಾರಂಟಿ ತಯಾರಕರದ್ದು, ಅಂಗಡಿಯದ್ದಲ್ಲ. ಅಧಿಕೃತ ಮಾರಾಟಗಾರರಿಂದ ಕೊಂಡಿದ್ದರೆ ಶೋರೂಮು, ಆನ್‌ಲೈನ್ ಎಂಬ ಭೇದ ಅದಕ್ಕಿಲ್ಲ. ಹಾಗಾದರೆ ನಿಜವಾದ ಪ್ರಶ್ನೆ ‘ಎಲ್ಲಿ ಕೊಳ್ಳುವುದು’ ಎಂಬುದಕ್ಕಿಂತ ‘ಕೆಟ್ಟಾಗ ಎಲ್ಲಿಗೆ ಒಯ್ಯುವುದು’ ಎಂಬುದು. ‘ಆನ್‌ಸೈಟ್’ ಎಂದಿದ್ದರೆ ರಿಪೇರಿಯವರು ಮನೆಗೆ ಬರುತ್ತಾರೆ. ‘ಕ್ಯಾರಿ-ಇನ್’ ಎಂದಿದ್ದರೆ ನಾವೇ ಹೊತ್ತುಕೊಂಡು ಹೋಗಬೇಕು. ಬೆಂಗಳೂರಿನಲ್ಲಿ ಇದು ಒಂದು ಮೆಟ್ರೋ ಪ್ರಯಾಣ. ಸಿರಸಿಯಲ್ಲಿರುವವರಿಗೆ ಹತ್ತಿರದ ಕೇಂದ್ರ ಹುಬ್ಬಳ್ಳಿಯಲ್ಲಿದ್ದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಮತ್ತೆ ವಾಪಸ್ ತರಲು ಇನ್ನೊಂದು ದಿನ. ಮನೆಗೆ ಬರುವ ಸೌಲಭ್ಯ ಎಲ್ಲ ಪಿನ್‌ಕೋಡ್‌ಗಳಿಗೂ ಇರುವುದಿಲ್ಲ. ತಯಾರಕರ ಜಾಲತಾಣದಲ್ಲಿ ನಿಮ್ಮ ಊರಿನ ಸರ್ವಿಸ್ ಕೇಂದ್ರ ಹುಡುಕಿ, ಆಮೇಲೆ ಬ್ರ್ಯಾಂಡ್ ಆರಿಸಿ. ಪರೀಕ್ಷೆಯ ಹಿಂದಿನ ವಾರ ಕೀಬೋರ್ಡ್ ಕೈಕೊಟ್ಟಾಗ ಈ ಅರ್ಧ ಗಂಟೆಯ ಹುಡುಕಾಟದ ಬೆಲೆ ತಿಳಿಯುತ್ತದೆ. (ವಾರಂಟಿ ಯಂತ್ರಕ್ಕೆ ಮಾತ್ರ, ಒಳಗಿನ ಫೋಟೋ, ಪ್ರಾಜೆಕ್ಟ್ ವರದಿಗಳಿಗಲ್ಲ. ಅವುಗಳ ಪ್ರತಿ ಬೇರೆ ಕಡೆ ಇರಲಿ.)

ಅಮೆರಿಕದಲ್ಲಿರುವ ಅಣ್ಣನ ಕೈಲಿ ತರಿಸುವವರೂ ಇದೇ ಪ್ರಶ್ನೆ ಕೇಳಿಕೊಳ್ಳಬೇಕು. ಪ್ರಾಪ್ತ ವಯಸ್ಕ ಪ್ರಯಾಣಿಕರು ಒಂದು ಲ್ಯಾಪ್‌ಟಾಪ್ ಸುಂಕವಿಲ್ಲದೆ ತರಬಹುದು ನಿಜ, ಆದರೆ ಅದರ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂಬುದು ಮಾಡೆಲಿನಿಂದ ಮಾಡೆಲಿಗೆ ಬೇರೆ.

ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವುದಾದರೆ ಮಾವನ ಮಾತಿಗೆ ತೂಕವಿದೆ. ಅರ್ಧ ಬೆಲೆ ಎಂಬುದು ಉತ್ಪ್ರೇಕ್ಷೆ. ಆದರೆ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ನಾಲ್ಕು ಅಂಗಡಿಗಳಲ್ಲಿ ದರ ಕೇಳಬಹುದು, ಬೇಕಾದ ಭಾಗವಷ್ಟೇ ಆರಿಸಬಹುದು. ಇಲ್ಲಿ ಇಡೀ ಯಂತ್ರಕ್ಕೆ ಒಂದೇ ವಾರಂಟಿ ಇಲ್ಲ. ಪ್ರೊಸೆಸರ್, ರ್‍ಯಾಮ್, ಪವರ್ ಸಪ್ಲೈ, ಪ್ರತಿಯೊಂದಕ್ಕೂ ಬೇರೆ ಬೇರೆ ಅವಧಿ. ಬಿಲ್ಲಿನಲ್ಲಿ ‘ಅಸೆಂಬಲ್ಡ್ ಸಿಸ್ಟಮ್ - 1’ ಎಂದಷ್ಟೇ ಬರೆದರೆ ಒಪ್ಪಬೇಡಿ, ಒಂದೊಂದು ಭಾಗದ ಸೀರಿಯಲ್ ನಂಬರ್ ಬರೆಸಿ.

‘ಆನ್‌ಲೈನಿನವರು ಮೋಸ ಮಾಡಿದರೆ ದಿಲ್ಲಿಗೆ ಹೋಗಿ ಕೇಸು ಹಾಕಲಾಗುತ್ತದೆಯೇ?’ ಎಂಬ ಹೆದರಿಕೆಗೆ ಈಗ ಆಧಾರವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ಕಾಲಾವಕಾಶ 2 ವರ್ಷ. 2020ರ ಇ-ಕಾಮರ್ಸ್ ನಿಯಮಗಳಂತೆ ದೂರು ತಲುಪಿದ್ದನ್ನು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಯೋಗಕ್ಕೆ ಹೋಗುವ ಮುನ್ನ 1915 ಸಹಾಯವಾಣಿಗೆ ಕರೆ ಮಾಡಿ ನೋಡಬಹುದು. ಒಂದು ಎಚ್ಚರ: ಜಾಲತಾಣ ಬೇರೆ, ಅದರೊಳಗಿನ ಮಾರಾಟಗಾರರು ಬೇರೆ. ಬಿಲ್ಲಿನಲ್ಲಿ ಯಾರ ಹೆಸರಿರುತ್ತದೆ ಎಂದು ಆರ್ಡರ್ ಮಾಡುವ ಮೊದಲೇ ನೋಡಿ.

ಉಳಿದದ್ದು ‘ರೀಫರ್ಬಿಶ್ಡ್’, ಅಂದರೆ ಕಚೇರಿಗಳಲ್ಲಿ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು. ಕಡಿಮೆ ಹಣವಿದ್ದವರಿಗೆ ಇವು ಒಳ್ಳೆಯ ದಾರಿಯೇ, ಕೀಳಾಗಿ ಕಾಣಬೇಕಿಲ್ಲ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ, ಬೆರಳೆಣಿಕೆಯ ಅಪವಾದ ಬಿಟ್ಟು, 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಐ5 ಎಂದಷ್ಟೇ ಹೇಳಿದರೆ ಸಾಲದು: ಐ5-7200ಯು ಎಂದಿದ್ದರೆ 7ನೇ ತಲೆಮಾರು, ಐ5-8250ಯು ಎಂದಿದ್ದರೆ 8ನೆಯದು. 7ನೆಯದನ್ನು ತೀರಾ ಅಗ್ಗಕ್ಕೆ ಕೊಟ್ಟರೆ, ಲಿನಕ್ಸ್ ಹಾಕಿಕೊಂಡು ಬಳಸಲು ಮನಸ್ಸಿದ್ದವರು ಮಾತ್ರ ಕೊಳ್ಳಬಹುದು.