ನಡೆಯುವ ಕಾಲಿಗೆ ಒಪ್ಪುವ ಉಡುಪು



ಭದ್ರಾವತಿಯ ಕಾಗದನಗರದಿಂದ ಕುಟುಂಬವೊಂದರ ಹಿರಿಯರು ಪತ್ರ ಬರೆದು ಸಂದೇಹವೊಂದನ್ನು ಮುಂದಿಟ್ಟಿದ್ದಾರೆ. ಮನೆಮಂದಿಯೆಲ್ಲ ಕೂಡಿ ಕವಲೇದುರ್ಗವನ್ನು ಹತ್ತಿ ಬರಬೇಕು, ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಬೇಕು ಎಂಬುದು ಅವರ ಸಂಕಲ್ಪ. ಬೆಟ್ಟ ಹತ್ತುವಾಗ ಸೀರೆಯ ನೆರಿಗೆ ಕಾಲಿಗೆ ತೊಡರುವುದೆಂದು ಸೊಸೆಯಂದಿರು ಪ್ಯಾಂಟು ತೊಡಬಯಸಿದ್ದಾರೆ. ಅತ್ತೆಯವರಿಗೆ ಅದು ಸಮ್ಮತವಿಲ್ಲ. ಹಾಗಾದರೆ ಸೊಸೆಯಂದಿರು ಮನೆಯಲ್ಲಿಯೇ ಉಳಿಯಲಿ ಎಂಬಲ್ಲಿಗೆ ಮಾತು ಬಂದು ನಿಂತಿದೆಯಂತೆ. ಪ್ಯಾಂಟು ನಮ್ಮ ಧರ್ಮಕ್ಕೆ ಒಪ್ಪುವುದೇ, ಒಪ್ಪುವುದಾದರೆ ಎಂತಹುದು ತಕ್ಕುದು, ಎಂದು ಕೇಳಿದ್ದಾರೆ.

ಲಿಂಗವಂತನ ಲಾಂಛನ ಅಂಗದ ಮೇಲಣ ಇಷ್ಟಲಿಂಗ, ಹಣೆಯ ವಿಭೂತಿ, ಕೊರಳ ರುದ್ರಾಕ್ಷಿ. ಬಟ್ಟೆಯ ಹೊಲಿಗೆಯಲ್ಲಿ ಧರ್ಮವನ್ನು ಹುಡುಕಬೇಕಾಗಿಲ್ಲ. ಅದು ಮೈಯನ್ನು ಮರ್ಯಾದೆಯಿಂದ ಮುಚ್ಚಿ ಕಾಯಕಕ್ಕೆ ಅನುಕೂಲವಾಗಿದ್ದರೆ ಸಾಕು. ಇದೇ ಶಿವಮೊಗ್ಗ ಜಿಲ್ಲೆಯ ಉಡುತಡಿಯಲ್ಲಿ ಜನಿಸಿದ ಅಕ್ಕಮಹಾದೇವಿಯು ಅರಮನೆಯ ಉಡುಗೆಯನ್ನೇ ತೊರೆದು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದುಹೋದಳು. ಆ ತಾಯಿ ಹುಟ್ಟಿದ ನೆಲದಲ್ಲಿ, ಉಡುಪಿನ ನೆವದಿಂದ ಹೆಣ್ಣುಮಕ್ಕಳಿಗೆ ಶ್ರೀಶೈಲದ ಯಾತ್ರೆಯನ್ನು ತಪ್ಪಿಸುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಹಿರಿಯರು ಯೋಚಿಸಬೇಕು.

ಇನ್ನು, ಕಾಲುಗಳನ್ನು ಬೇರ್ಪಡಿಸಿ ಉಡುವುದು ನಮಗೆ ಹೊಸತೂ ಅಲ್ಲ. ಉತ್ತರ ಕರ್ನಾಟಕದ ತಾಯಂದಿರು ಕಚ್ಚೆ ಸೀರೆಯುಟ್ಟು ಹೊಲದಲ್ಲಿ ದುಡಿದರು. ವೀರಗಾಸೆಯ ಪುರವಂತರು ಕಚ್ಚೆ ಹಾಕದೆ ಕುಣಿಯಲಾರರು. ಚಲ್ಲಣವೆಂಬ ಹೊಲಿದ ಕಾಲುಡುಪಿನ ಹೆಸರು ಹಳೆಯ ಕನ್ನಡದಲ್ಲಿಯೇ ಇದೆ. ಕಚ್ಚೆ ಮಾಡುತ್ತಿದ್ದ ಕೆಲಸವನ್ನೇ ಇಂದು ಪ್ಯಾಂಟು ಮಾಡುತ್ತಿದೆ. ಆದುದರಿಂದ ಕಚ್ಚೆಯ ಗುಣಗಳುಳ್ಳ ಪ್ಯಾಂಟೇ ಒಳ್ಳೆಯ ಪ್ಯಾಂಟು ಎಂದು ತಿಳಿಯಬೇಕು.

ಆ ಗುಣಗಳಾವುವು? ಮೊದಲನೆಯದು, ಕುಳಿತುಕೊಳ್ಳಲು ಬರಬೇಕು. ನಮ್ಮವರಿಗೆ ಯಾತ್ರೆಯೆಂದರೆ ನಡಿಗೆಯಷ್ಟೇ ಅಲ್ಲ; ಬೆಳಗಿನ ಇಷ್ಟಲಿಂಗ ಪೂಜೆಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡಬೇಕು, ದಾಸೋಹದ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಬೇಕು. ಅಂಗಡಿಯಲ್ಲಿ ಕನ್ನಡಿಯ ಮುಂದೆ ನಿಂತು ನೋಡಿದರೆ ಸಾಲದು. ತೊಟ್ಟುಕೊಂಡು ನೆಲದ ಮೇಲೆ ಕುಳಿತು ನೋಡಿ. ಕುಕ್ಕರುಗಾಲಿನಲ್ಲಿ ಕುಳಿತು ಏಳಿ. ಎತ್ತರದ ಮೆಟ್ಟಿಲ ಮೇಲೆ ಕಾಲಿಡುವಂತೆ ಮೊಣಕಾಲೆತ್ತಿ. ತೊಡೆ ಬಿಗಿದರೆ, ನಡು ಒತ್ತಿದರೆ ಆ ಪ್ಯಾಂಟು ಬೇಡ. ಮೊಣಕಾಲಿನ ಬಳಿ ಜಿಪ್ಪಿರುವ, ಅರ್ಧಕ್ಕೆ ಬಿಚ್ಚಿಡುವ ಪ್ಯಾಂಟುಗಳೂ ದೊರೆಯುತ್ತವೆ. ಕುಳಿತಾಗ ಆ ಜಿಪ್ಪು ಒತ್ತುವುದುಂಟು. ದರ್ಜಿಯಿಂದ ಹೊಲಿಸುವುದಾದರೆ, ಎರಡು ಕಾಲುಗಳು ಕೂಡುವ ಕವಲಿನಲ್ಲಿ ವಜ್ರಾಕಾರದ ತುಂಡೊಂದನ್ನು ಸೇರಿಸಲು ಹೇಳಿ. ಹೊಲಿಗೆ ಹರಿಯದು, ಕಾಲು ಸರಾಗವಾಗಿ ಚಾಚುತ್ತದೆ. ವಯಸ್ಸಾದವರಿಗೆ ನಡುವಿನಲ್ಲಿ ಎಲಾಸ್ಟಿಕ್ಕಿನ ಜೊತೆಗೆ ಲಾಡಿಯೂ ಇರಲಿ.

ಎರಡನೆಯದು, ಬಟ್ಟೆ ಹಗುರವಾಗಿದ್ದು ಬೇಗ ಒಣಗಬೇಕು. ಹತ್ತಿಯು ಗಾಳಿಯ ತೇವದಿಂದಲೇ ತನ್ನ ತೂಕದ ನೂರಕ್ಕೆ 8ರಷ್ಟನ್ನು ಹೀರಿಕೊಳ್ಳುತ್ತದೆ; ಪಾಲಿಯೆಸ್ಟರ್ ನೂರಕ್ಕೆ ಅರ್ಧದಷ್ಟನ್ನೂ ಹೀರದು. ಜೀನ್ಸ್ ಬಟ್ಟೆ ದಪ್ಪನಾದ ಹತ್ತಿ. ನೆನೆದರೆ ಭಾರವಾಗಿ ಮೊಣಕಾಲಿಗೆ ಅಂಟುತ್ತದೆ, ಮರುದಿನವಾದರೂ ಒಣಗದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದೇ ತಾಲ್ಲೂಕಿನ ಕವಲೇದುರ್ಗಕ್ಕೆ ಮಳೆಗಾಲದ ಅಂಚಿನಲ್ಲಿ ಹೋಗುವವರಿಗೆ ತೆಳುವಾದ ನೈಲಾನ್ ಅಥವಾ ಪಾಲಿಯೆಸ್ಟರ್ ಪ್ಯಾಂಟು ಮೇಲು. ಅದರ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿದರೆ ಇಂಬಳಗಳ ಕಾಟವೂ ಕಡಿಮೆ. ತಿಳಿಬಣ್ಣವಾದರೆ ಹತ್ತಿದ ಇಂಬಳ ಕಣ್ಣಿಗೆ ಬೀಳುತ್ತದೆ. ಆದರೆ ಈ ಬಟ್ಟೆಗಳು ಬೆಂಕಿಯ ಕಿಡಿ ಸೋಕಿದರೆ ಕರಗಿ ಮೈಗೆ ಅಂಟುತ್ತವೆ. ದಾಸೋಹದ ಒಲೆಯ ಮುಂದೆ ಸೇವೆಗೆ ನಿಲ್ಲುವವರು ಹತ್ತಿಯನ್ನೇ ತೊಡಬೇಕು.

ಶ್ರೀಶೈಲದ ದಾರಿಯ ಮಾತು ಬೇರೆ. ಯುಗಾದಿಯ ಬಿಸಿಲಿನಲ್ಲಿ ನಲ್ಲಮಲ ಕಾಡನ್ನು ದಾಟುವಾಗ ಬೆವರು ಹೀರುವ ಬಟ್ಟೆ ಬೇಕು. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ತೆಳು ಟೆರಿಕಾಟನ್ ಅಲ್ಲಿಗೆ ಒಪ್ಪುತ್ತದೆ. ರಾತ್ರಿ ಒಗೆದು ಹರಡಿದರೆ ಬೆಳಗಿನ ಪೂಜೆಗೆ ಮಡಿಯಾಗಿ ಸಿದ್ಧ. ಹೊಸ ಪ್ಯಾಂಟನ್ನು ಯಾತ್ರೆಯ ದಿನವೇ ಮೊದಲು ತೊಡಬಾರದು. ಒಂದು ವಾರ ಮನೆಗೆಲಸದಲ್ಲಿ, ಪೇಟೆಯ ಓಡಾಟದಲ್ಲಿ ತೊಟ್ಟು ನೋಡಬೇಕು. ತೊಡೆಯ ಒಳಮಗ್ಗುಲು ಉಜ್ಜಿ ಉರಿಯುವುದಾದರೆ ಆಗಲೇ ತಿಳಿಯುತ್ತದೆ.

ಮೂರನೆಯ ಗುಣ, ಒಂದೇ ಬಟ್ಟೆ ಹಲವು ಕಡೆ ಸಲ್ಲುವುದು. ಪಂಚೆಯುಟ್ಟು ಹೊಲಕ್ಕೂ ಹೋದೆವು, ಮದುವೆಗೂ ಹೋದೆವು. ಬೂದು, ಕಂದು ಅಥವಾ ತಿಳಿಹಸಿರು ಬಣ್ಣದ, ಸಡಿಲವಾದ, ಮುಚ್ಚಳವಿರುವ ಒಂದೆರಡು ಕಿಸೆಗಳ ಪ್ಯಾಂಟು ಬೆಟ್ಟಕ್ಕೂ ಬಸ್ಸಿಗೂ ಕಚೇರಿಗೂ ಸಲ್ಲುತ್ತದೆ. ಹೆಣ್ಣುಮಕ್ಕಳು ಅದರ ಮೇಲೆ ಮೊಣಕಾಲಿನವರೆಗೆ ಬರುವ ಕುರ್ತಾ ತೊಟ್ಟರೆ ಅತ್ತೆಯವರ ಸಂಕೋಚವೂ ಕಳೆದೀತು. ಬೆಟ್ಟಕ್ಕೊಂದು, ಪ್ರವಾಸಕ್ಕೊಂದು, ಮನೆಗೊಂದು ಎಂದು ಕೊಂಡು ಕಪಾಟು ತುಂಬಿಸುವ ಹಣ ದಾಸೋಹಕ್ಕೆ ಸಂದರೆ ಲೇಸು.

ಜೇಡರ ದಾಸಿಮಯ್ಯನು ಬಟ್ಟೆ ನೇಯುವುದನ್ನೇ ಕಾಯಕವಾಗಿ ಕೈಗೊಂಡವನು. ನೂಲಿನ ಹಿಂದಿರುವ ದುಡಿಮೆಯನ್ನು ನೆನೆದವರು ಬಟ್ಟೆಯನ್ನು ಬೇಗನೆ ಬಿಸುಡಲಾರರು. ಮೊಣಕಾಲು ಸವೆದರೆ ತೇಪೆ ಹಾಕಿಸಿ, ಅಂಚು ಹರಿದರೆ ಮಡಿಸಿ ಹೊಲಿಸಿ, ಇನ್ನೆರಡು ಯಾತ್ರೆಗೆ ತೊಡಿರಿ.