ಗಣಕ ಹೊಸದಾದರೆ ಹಳೆಯ ನುಡಿ ಕಡತಗಳು ಹೋಗಲೇಬೇಕೇ?

ಎಮ್ಮಿಗನೂರು, ಆದೋನಿ ಕಡೆಯ ಕನ್ನಡ ಮಾಧ್ಯಮದ ಗೆಳೆಯರೇ, ಈ ಸಲ ಸ್ವಲ್ಪ ತಾಂತ್ರಿಕ ವಿಷಯ. ಬೇಸರಪಡದೆ ಓದಿ. ಇದು ನಿಮ್ಮ ಶಾಲೆಯ ಹಳೆಯ ಪ್ರಶ್ನೆಪತ್ರಿಕೆ, ನೋಟ್ಸುಗಳ ವಿಚಾರ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಹಳೆಯ ಗಣಕಗಳಲ್ಲಿ ಅದು ಇಲ್ಲ. ಹಾಗಾಗಿ ಮದರ್‌ಬೋರ್ಡ್, ಪ್ರೊಸೆಸರ್ ಬದಲಾಗುತ್ತಿವೆ. ಬದಲಾಗಲಿ, ಸಂತೋಷವೇ. ಆದರೆ ನಮ್ಮಲ್ಲಿ ಕೆಲವರು ಹಳೆಯ ಗಣಕದಲ್ಲಿ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ವಿಂಡೋಸ್ ಎಕ್ಸ್‌ಪಿ ಕೂರಿಸಿ, ನುಡಿ ಮತ್ತು ಪೇಜ್‌ಮೇಕರ್ ನಡೆಸಿಕೊಂಡು ಬಂದಿದ್ದೇವೆ. ಗಣಕದೊಳಗೊಂದು ಗಣಕ ಎನ್ನಿ. ಇದಕ್ಕೇ ವರ್ಚುವಲ್ ಮಷೀನ್ ಎಂದು ಹೆಸರು. ಹೊಸ ಯಂತ್ರಾಂಶ ಬಂದ ಮರುದಿನ ಇದು ಏಳುವುದಿಲ್ಲ. ಅಂಗಡಿಯವನನ್ನು ಕೇಳಿದರೆ ಒಂದೇ ಉತ್ತರ: "ಸಾರ್, ಅದನ್ನ ತೆಗೆದುಬಿಡಿ, ಫಾರ್ಮ್ಯಾಟ್ ಮಾಡೋಣ."

ದಯವಿಟ್ಟು ಒಪ್ಪಬೇಡಿ.

ಯಾಕೆ ಎಂದು ಹೇಳುತ್ತೇವೆ. ನುಡಿ, ಬರಹಗಳ ಹಳೆಯ ಅಕ್ಷರಗಳು ಯೂನಿಕೋಡ್ ಅಲ್ಲ. ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ ಅಷ್ಟೆ. ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ನಕಾರದ ಜಾಗದಲ್ಲಿ ಪೌಂಡ್ ಗುರುತು. ಕನ್ನಡ ಓದಲು ಬಾರದ ರಿಪೇರಿಯವನು ಅದನ್ನು ನೋಡಿ "ಫೈಲ್ ಕೆಟ್ಟಿದೆ, ವೈರಸ್" ಎಂದು ಅಳಿಸಿಬಿಡಬಲ್ಲ. ಅವನ ತಪ್ಪೂ ಅಲ್ಲ. ಬೆಂಗಳೂರಿನಲ್ಲೋ ಬಳ್ಳಾರಿಯಲ್ಲೋ ನೋಡಿದ ಕೂಡಲೇ "ಇದು ನುಡಿ" ಎನ್ನುವ ಡಿಟಿಪಿ ಅಂಗಡಿ ಬೀದಿಗೊಂದು ಸಿಕ್ಕೀತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಬಂದವು. ಅಂದಿನಿಂದ ನಮ್ಮ ಪೇಟೆಯ ಅಕ್ಷರ ತೆಲುಗು. ಏಳನೇ ತರಗತಿಯ ಗಣಿತದ ಪತ್ರಿಕೆ ತೆಲುಗಿನಲ್ಲಿ ಕಳೆದುಹೋದರೆ ಪಕ್ಕದ ಶಾಲೆಯಲ್ಲಿ ಇನ್ನೊಂದಿರುತ್ತದೆ. ಕನ್ನಡದ್ದು ಹೋದರೆ ಕೂತು ಮತ್ತೆ ಕುಟ್ಟಬೇಕು, ಕುಟ್ಟುವವರು ನಾವೇ.

ಸರಿ, ಯಂತ್ರ ಏಳದಿದ್ದರೆ ಏನು ನೋಡಬೇಕು? ಮೊದಲು ಆ ವಿಡಿಐ ಕಡತವನ್ನು (ಒಳಗಿನ ಗಣಕದ ಇಡೀ ಹಾರ್ಡ್‌ಡಿಸ್ಕ್ ಅದೊಂದೇ ಕಡತದಲ್ಲಿದೆ) ಬೇರೆ ಡಿಸ್ಕಿಗೆ ನಕಲು ಮಾಡಿ. ಸ್ನ್ಯಾಪ್‌ಶಾಟ್ ತೆಗೆದಿದ್ದರೆ ಇಡೀ ಫೋಲ್ಡರನ್ನೇ ನಕಲಿಸಿ. ಆಮೇಲೆ ಉಳಿದ ಪ್ರಯೋಗ.

ಹೆಚ್ಚಾಗಿ ಕಾರಣ ಬಹಳ ಸಣ್ಣದು. ಒಳಗಿನ ಗಣಕ ಓಡಲು ಪ್ರೊಸೆಸರ್‌ನ ಒಂದು ಸೌಲಭ್ಯ ಬೇಕು. ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಎಂಡಿ-ವಿ. ವರ್ಚುವಲ್‌ಬಾಕ್ಸ್ 2019ರ 6.1 ಆವೃತ್ತಿಯಿಂದ ಈಚೆಗೆ ಇದಿಲ್ಲದೆ ಓಡುವುದೇ ಇಲ್ಲ. ಹಳೆಯ ಬೋರ್ಡಿನಲ್ಲಿ ಯಾರೋ ಪುಣ್ಯಾತ್ಮರು ಇದನ್ನು ಚಾಲೂ ಮಾಡಿರುತ್ತಾರೆ, ಹೊಸ ಬೋರ್ಡಿನಲ್ಲಿ ಬಂದ್ ಆಗಿರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿ, "ವರ್ಚುವಲೈಸೇಶನ್" ಎದುರು ಏನಿದೆ ನೋಡಿ. ಡಿಸೇಬಲ್ಡ್ ಎಂದಿದ್ದರೆ ಬಯಾಸ್‌ಗೆ ಹೋಗಿ ಚಾಲೂ ಮಾಡಬೇಕು. ಎಎಂಡಿ ಬೋರ್ಡುಗಳಲ್ಲಿ ಇದು "ಎಸ್‌ವಿಎಂ ಮೋಡ್" ಎಂಬ ಹೆಸರಲ್ಲಿ ಅಡಗಿರುತ್ತದೆ, ಅದಕ್ಕೇ ಹುಡುಕುವವರಿಗೆ ಸಿಗುವುದಿಲ್ಲ.

ಯಂತ್ರ ಎದ್ದಿತು, ಆದರೆ ತೆವಳುತ್ತಿದೆಯೇ? ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಕಂಡರೆ ವಿಂಡೋಸ್ ತನ್ನ ಹೈಪರ್-ವಿಗಾಗಿ ಆ ಸೌಲಭ್ಯವನ್ನು ಮೊದಲೇ ಹಿಡಿದುಕೊಂಡಿದೆ ಎಂದು ಅರ್ಥ. ವಿಂಡೋಸ್ 11 ಇರುವ ಹೊಸ ಗಣಕಗಳಲ್ಲಿ "ಮೆಮೊರಿ ಇಂಟೆಗ್ರಿಟಿ" ಎಂಬ ರಕ್ಷಣೆ ಸಾಮಾನ್ಯವಾಗಿ ಚಾಲೂ ಇರುವುದೂ ಒಂದು ಕಾರಣ. ಅದನ್ನು ಆರಿಸಿದರೆ ವೇಗ ಬರಬಹುದು. ಆದರೆ ನಮ್ಮ ಅಭಿಪ್ರಾಯದಲ್ಲಿ, ಮಕ್ಕಳೂ ಮುಟ್ಟುವ, ಊರಿನ ಪೆನ್‌ಡ್ರೈವ್‌ಗಳೆಲ್ಲ ಬಂದು ಹೋಗುವ ಗಣಕದಲ್ಲಿ ಆರಿಸದಿರುವುದೇ ಮೇಲು. ನಾಲ್ಕು ಕಡತ ಹೊರತೆಗೆಯಲು ಆಮೆಯ ವೇಗ ಸಾಕು.

ಇನ್ನೊಂದು. ಒಳಗಿನ ಎಕ್ಸ್‌ಪಿಯನ್ನು ಶಟ್‌ಡೌನ್ ಮಾಡದೆ "ಸೇವ್ ಸ್ಟೇಟ್" ಮಾಡಿ ಮುಚ್ಚುವವರಿದ್ದಾರೆ. ಇಂಟೆಲ್ ಪ್ರೊಸೆಸರ್ ಮೇಲೆ ಹಾಗೆ ಮಲಗಿಸಿದ ಯಂತ್ರ ಎಎಂಡಿ ಮೇಲೆ ಏಳುವುದಿಲ್ಲ. ಆಗ ಆ ಉಳಿಸಿದ ಸ್ಥಿತಿಯನ್ನು ಮಾತ್ರ ಬಿಸಾಡಬೇಕು. ನಡುವೆ ಕರೆಂಟ್ ಹೋದಂತೆ. ಉಳಿಸದ ಕೆಲಸ ಹೋಗುತ್ತದೆ, ಡಿಸ್ಕಿನಲ್ಲಿ ಉಳಿಸಿದ್ದು ಇರುತ್ತದೆ. ಹಳೆಯ ಗಣಕ ಇನ್ನೂ ಬದಲಾಗದವರು ಇಂದೇ ಸರಿಯಾಗಿ ಶಟ್‌ಡೌನ್ ಮಾಡಿಡಿ.

ಕೆಲವರು ಹೊಸದಾಗಿ ಯಂತ್ರ ರಚಿಸಿ ಹಳೆಯ ವಿಡಿಐ ಜೋಡಿಸುತ್ತಾರೆ, ನೀಲಿ ಪರದೆ ಬರುತ್ತದೆ, ಕೊನೆಯಲ್ಲಿ 7ಬಿ ಎಂಬ ಸಂಖ್ಯೆ. ಡಿಸ್ಕ್ ಸತ್ತಿಲ್ಲ. ಎಕ್ಸ್‌ಪಿಗೆ ಸಾಟಾ ಡ್ರೈವರ್ ತನ್ನಷ್ಟಕ್ಕೆ ಇರುವುದಿಲ್ಲ, ಡಿಸ್ಕನ್ನು ಐಡಿಇ ಕಂಟ್ರೋಲರ್‌ಗೆ ಜೋಡಿಸಿದರೆ ಎದ್ದು ಕೂರುತ್ತದೆ. ನೆಟ್‌ವರ್ಕ್ ದೋಷ ಬಂದರೆ ನೆಟ್‌ವರ್ಕನ್ನೇ ಕಳಚಿಡಿ. 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಂತ ಎಕ್ಸ್‌ಪಿಗೆ ಅಂತರ್ಜಾಲ ಯಾಕೆ ಬೇಕು?

"ಇಷ್ಟೆಲ್ಲ ಯಾಕೆ, ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಿ ಎಕ್ಸ್‌ಪಿಯನ್ನು ಎಸೆಯಿರಿ" ಎನ್ನುವವರಿದ್ದಾರೆ. ಅರ್ಧ ಒಪ್ಪುತ್ತೇವೆ. ಬದಲಿಸಲೇಬೇಕು, ಉಚಿತ ಪರಿವರ್ತಕಗಳೂ ಇವೆ. ಆದರೆ ಪೇಜ್‌ಮೇಕರ್ ಕಡತವನ್ನು ತೆರೆಯದೆ ಅದರೊಳಗಿನ ಪಠ್ಯ ತೆಗೆಯುವುದು ಹೇಗೆ? ತೆಗೆದ ಮೇಲೂ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿರಬಹುದು. ಭಿನ್ನರಾಶಿ, ಕೋಷ್ಟಕಗಳು ಚೆಲ್ಲಾಪಿಲ್ಲಿಯಾಗಬಹುದು. ಮೂಲ ಪುಟ ಪಕ್ಕದಲ್ಲಿದ್ದರೆ ತಾನೇ ತಿದ್ದಲು ಸಾಧ್ಯ? ಆದ್ದರಿಂದ ಯಂತ್ರ ಏಳಲೇಬೇಕು, ಕೊನೆಯ ಕಡತ ಹೊರಬರುವವರೆಗೆ. ಎದ್ದ ಕೂಡಲೇ ಪ್ರತಿ ಪತ್ರಿಕೆಯ ಒಂದು ಪ್ರತಿ ಮುದ್ರಿಸಿಡಿ. ಪೇಪರ್ ಖರ್ಚು ಎಂದು ಹೆಡ್‌ಮಾಸ್ತರರು ಗೊಣಗಬಹುದು, ಗೊಣಗಲಿ. ಆಮೇಲೆ ಹತ್ತನೇ ತರಗತಿಯದ್ದರಿಂದ ಬದಲಾವಣೆ ಶುರು ಮಾಡಿ. ವಾರಕ್ಕೊಂದು ವಿಷಯ ಹಂಚಿಕೊಂಡರೆ ದೊಡ್ಡ ಹೊರೆಯಲ್ಲ. ಅಷ್ಟರವರೆಗೆ ಆ ಫೋಲ್ಡರಿನ ಹೆಸರಿನಲ್ಲೇ ತೆಲುಗಿನಲ್ಲಿ "ಅಳಿಸಬೇಡಿ" ಎಂದು ಬರೆದಿಡಿ, ರಿಪೇರಿಗೆ ಬಂದವರಿಗೆ ಓದಲು ಬರಬೇಕಲ್ಲ.